ಪರಿಹಾರವೆಂಬ ಪದದ ತೂಕ

ಇಂಗ್ಲಿಷಿನ ಕೆಲವು ಪದಗಳು ನಮ್ಮ ಹಳ್ಳಿಗಳಿಗೆ ಶಾಲೆಯ ಪುಸ್ತಕದೊಡನೆ ಬಂದವು. ಇನ್ನು ಕೆಲವು ಸರಕಾರದ ನೋಟೀಸಿನೊಡನೆ ಬಂದವು. ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ‘ಕಾಂಪೆನ್ಸೇಶನ್’ ಎಂಬ ಪದ ಬಂದದ್ದು ಈ ಎರಡನೆಯ ದಾರಿಯಿಂದ. ಅಕ್ಷರವನ್ನರಿಯದ ಅಜ್ಜಿಯೂ ಅಲ್ಲಿ ಈ ಪದವನ್ನು ಬಲ್ಲಳು. ಕಾಳಿ ನದಿಗೆ ಕದ್ರಾದಲ್ಲಿ ಆಣೆಕಟ್ಟು ಬಂದಿತು; ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಎದ್ದಿತು; ಕೊಂಕಣ ರೇಲ್ವೆಯ ಹಳಿ ಹಾದುಹೋಯಿತು; ಹೆದ್ದಾರಿ ಅಗಲವಾಯಿತು. ಎಲ್ಲಕ್ಕಿಂತ ಮಿಗಿಲಾಗಿ, 1986ರ ಅಕ್ಟೋಬರಿನಲ್ಲಿ ಅಂದಿನ ಪ್ರಧಾನಿ ರಾಜೀವ ಗಾಂಧಿಯವರು ಶಂಕುಸ್ಥಾಪನೆ ಮಾಡಿದ ಸೀಬರ್ಡ್ ನೌಕಾನೆಲೆಗಾಗಿ ಅರ್ಗಾ ಮೊದಲಾದ 13 ಗ್ರಾಮಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆಮಾರು, ಹೊಲಗದ್ದೆ, ಕಡಲದಂಡೆಗಳನ್ನು ಬಿಟ್ಟು ಏಳಬೇಕಾಯಿತು. 2005ರ ಮೇ 31ರಂದು ಆ ನೆಲೆ ‘ಐ.ಎನ್.ಎಸ್. ಕದಂಬ’ ಎಂಬ ಹೆಸರಿನಿಂದ ರಾಷ್ಟ್ರಸೇವೆಗೆ ಸಿದ್ಧವಾಯಿತು. ದೇಶರಕ್ಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ನೆಲ ಬಿಟ್ಟವರಿಗೆ ಸಂದದ್ದು ಏನು, ಅದನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬುದು ವಿಚಾರ ಮಾಡತಕ್ಕ ವಿಷಯ.

ಕಾಂಪೆನ್ಸೇಶನ್ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಒಂದರೊಡನೆ ಇನ್ನೊಂದನ್ನು ಇಟ್ಟು ತೂಗುವುದು ಎಂಬುದು ಅದರ ಧಾತ್ವರ್ಥ. ತಕ್ಕಡಿಯ ಒಂದು ತಟ್ಟೆಯಲ್ಲಿ ಹೋದದ್ದು, ಇನ್ನೊಂದರಲ್ಲಿ ಬಂದದ್ದು. ಮುಳ್ಳು ನಡುವೆ ನಿಲ್ಲಬೇಕು. ಕನ್ನಡದಲ್ಲಿ ಇದಕ್ಕೆ ಸರಿಹೊಂದುವ ಅಚ್ಚ ಪದ ನಮ್ಮಲ್ಲಿ ಮೊದಲೇ ಉಂಟು: ಅದು ‘ಸರಿದೂಗಿಸು’. ತೂಗುವ ಕ್ರಿಯೆ ಅದರಲ್ಲಿಯೂ ಅಡಗಿದೆ. ‘ಈಡು’ ಎಂಬುದು ಇನ್ನೊಂದು. ‘ಇದು ಅದಕ್ಕೆ ಈಡಾಗದು’ ಎನ್ನುವ ರೈತ ತಕ್ಕಡಿಯ ಭಾಷೆಯನ್ನೇ ಆಡುತ್ತಾನೆ. ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿ ಇದ್ದುದರಿಂದ ಮರಾಠಿಯ ‘ನುಕಸಾನ ಭರಪಾಯಿ’, ‘ಮೋಬದಲಾ’ ಎಂಬ ಮಾತುಗಳೂ ಆ ಸೀಮೆಗೆ ಅಪರಿಚಿತವಲ್ಲ. ಮೊದಲನೆಯದು ನಷ್ಟವನ್ನು ತುಂಬುವುದು. ಎರಡನೆಯದು ಒಂದಕ್ಕೆ ಬದಲಾಗಿ ಇನ್ನೊಂದನ್ನು ಕೊಡುವುದು.

ಆದರೆ ಕಚೇರಿಯ ಕನ್ನಡ ಆರಿಸಿಕೊಂಡ ಪದ ‘ಪರಿಹಾರ’. ಇದರ ಸ್ವಭಾವವೇ ಬೇರೆ. ‘ಪರಿ’ ಎಂಬ ಉಪಸರ್ಗದೊಡನೆ ‘ಹೃ’ ಧಾತು ಸೇರಿ ಆದ ಈ ಶಬ್ದಕ್ಕೆ ದೂರ ಮಾಡುವುದು, ನಿವಾರಿಸುವುದು ಎಂದರ್ಥ. ದೋಷಪರಿಹಾರ, ಸಂಶಯಪರಿಹಾರ, ಶಾಪಪರಿಹಾರ ಎನ್ನುವಾಗ ದೋಷವೂ ಸಂಶಯವೂ ಶಾಪವೂ ಇಲ್ಲವಾಗುತ್ತವೆ. ನಮ್ಮ ಪ್ರಾಚೀನ ದಾನಶಾಸನಗಳಲ್ಲಿ ‘ಸರ್ವಬಾಧಾಪರಿಹಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೊಟ್ಟ ಭೂಮಿಗೆ ಯಾವ ತೆರಿಗೆಯ, ಯಾವ ಬಾಧೆಯ ಕಾಟವೂ ಇರಕೂಡದು ಎಂಬುದು ಅದರ ಆಶಯ. ಅಂದು ಭೂಮಿಯನ್ನು ಕೊಡುವಾಗ ಉಚ್ಚರಿಸುತ್ತಿದ್ದ ಪದ ಇಂದು ಭೂಮಿಯನ್ನು ತೆಗೆದುಕೊಳ್ಳುವಾಗ ಕೇಳಿಬರುತ್ತದೆ. ಶಬ್ದಗಳ ಇತಿಹಾಸದಲ್ಲಿ ಇಂಥ ವಿಪರ್ಯಾಸಗಳು ಅಪರೂಪವಲ್ಲ.

ಇದರಿಂದ ಆಗುವ ಬಾಧಕವೇನು? ‘ಪರಿಹಾರ ಕೊಟ್ಟಾಯಿತು’ ಎಂದೊಡನೆ ಕೇಳಿದವರ ಮನಸ್ಸಿನಲ್ಲಿ ಕಷ್ಟ ನಿವಾರಣೆಯಾಯಿತು ಎಂಬ ಭಾವ ಮೂಡುತ್ತದೆ. ತಕ್ಕಡಿಯ ಮುಳ್ಳನ್ನು ಯಾರೂ ನೋಡುವುದಿಲ್ಲ. ಅಷ್ಟೇ ಅಲ್ಲ, ಇಂಗ್ಲಿಷಿನಲ್ಲಿ ಬೇರೆ ಬೇರೆ ಹೆಸರಿರುವ ಹಲವು ಸಂಗತಿಗಳನ್ನು ನಾವು ಈ ಒಂದೇ ಪದದ ಚೀಲದಲ್ಲಿ ತುಂಬಿದ್ದೇವೆ. ಅವುಗಳನ್ನು ಬಿಡಿಸಿ ನೋಡುವುದು ಕೇವಲ ವ್ಯಾಕರಣದ ಕೆಲಸವಲ್ಲ.

‘ಡ್ಯಾಮೇಜಸ್’ ಎಂಬುದು ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗೆ ಹಾನಿಯಾದಾಗ ನ್ಯಾಯಾಲಯ ಕೊಡಿಸುವ ಹಣ. ಭೂಸ್ವಾಧೀನದಲ್ಲಿ ಕೊಡುವ ಕಾಂಪೆನ್ಸೇಶನ್‌ಗೆ ಯಾರ ತಪ್ಪೂ ಬೇಕಿಲ್ಲ. ಪಡೆದುಕೊಂಡದ್ದಕ್ಕೆ ಬೆಲೆ ಕೊಡುವುದು ಸರಕಾರದ ಕರ್ತವ್ಯ, ಪಡೆಯುವುದು ಪ್ರಜೆಯ ಹಕ್ಕು. ‘ಸೊಲೇಶಿಯಂ’ ಎಂಬುದು ಸಾಂತ್ವನದ ಹಣ. ಮನಸ್ಸಿಲ್ಲದಿದ್ದರೂ ನೆಲ ಬಿಡಬೇಕಾಯಿತಲ್ಲ, ಆ ನೋವಿಗೆ ಕಾನೂನು ಕಟ್ಟಿದ ಬೆಲೆಯಿದು. 1894ರ ಭೂಸ್ವಾಧೀನ ಕಾಯಿದೆಯಲ್ಲಿ ಅದು ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ 15 ಇದ್ದಿತು. 1984ರ ತಿದ್ದುಪಡಿಯಿಂದ ಶೇಕಡಾ 30 ಆಯಿತು. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಹೊಸ ಕಾಯಿದೆಯಲ್ಲಿ ಶೇಕಡಾ 100ಕ್ಕೆ ಏರಿತು. ನೋವಿಗೆ ಬೆಲೆ ಕಟ್ಟಲಾಗದೆಂಬುದು ನಿಜವಾದರೂ, ನೋವು ಉಂಟೆಂದು ಕಾನೂನು ಒಪ್ಪಿಕೊಂಡಿದೆಯೆಂಬುದು ಸಣ್ಣ ಮಾತಲ್ಲ.

‘ಎಕ್ಸ್ ಗ್ರೇಶಿಯಾ’ ಎಂಬುದು ಕೃಪೆಯಿಂದ ಕೊಡುವ ಹಣ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಮೇಲಿದ್ದವರೂ ಗಂಗಾವಳಿಯ ಆಚೆ ದಂಡೆಯ ಉಳುವರೆ ಗ್ರಾಮದವರೂ ದುರಂತಕ್ಕೀಡಾದರು. ಅಂಥ ಸಂದರ್ಭದಲ್ಲಿ ಮೃತರ ಕುಟುಂಬಗಳಿಗೆ ಸರಕಾರ ಒಡನೆಯೇ ನೀಡುವ ನೆರವು ಶ್ಲಾಘ್ಯವಾದುದು. ಆದರೆ ಅದನ್ನೂ ‘ಪರಿಹಾರ’ ಎನ್ನುತ್ತೇವೆ, ನೆಲದ ಬೆಲೆಯನ್ನೂ ‘ಪರಿಹಾರ’ ಎನ್ನುತ್ತೇವೆ. ಹೀಗಾಗಿ ಹಕ್ಕಿನ ಹಣವನ್ನು ಪಡೆಯುವವನು ಕೃಪೆಯನ್ನು ಬೇಡುವವನಂತೆ ಕೈಮುಗಿದು ನಿಲ್ಲುತ್ತಾನೆ. ಕೊಡುವವನು ದಾನಿಯಂತೆ ಕಾಣುತ್ತಾನೆ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಬಲ್ಲ ನಮ್ಮ ಓದುಗರಿಗೆ ಈ ಭೇದವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

‘ರೆಸ್ಟಿಟ್ಯೂಶನ್’ ಎಂದರೆ ಕಿತ್ತುಕೊಂಡದ್ದನ್ನೇ ಮರಳಿ ಕೊಡುವುದು. ಇದರ ಉದಾಹರಣೆಯೂ ಅಂಕೋಲೆಯಲ್ಲಿಯೇ ಇದೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಆ ನೆಲದಲ್ಲಿ, ಮುಂದೆ ಕರನಿರಾಕರಣೆಯ ಚಳವಳಿಯಲ್ಲಿ ರೈತರು ಜಮೀನನ್ನು ಕಳೆದುಕೊಂಡರು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಬಳಿಕ ಅಂಥ ಜಮೀನುಗಳನ್ನು ಮರಳಿಸುವ ಕಾರ್ಯ ನಡೆಯಿತು. ಅಲ್ಲಿ ತಕ್ಕಡಿಯ ಅಗತ್ಯವೇ ಇರಲಿಲ್ಲ. ಹೋದ ನೆಲವೇ ಬಂದಿತು. ನೌಕಾನೆಲೆಯ ಬೇಲಿಯೊಳಗೆ ಸೇರಿದ ನೆಲ ಹಾಗೆ ಬರಲಾರದು. ಆದುದರಿಂದಲೇ ತೂಕ ಸರಿಯಾಗಿರಬೇಕು.

ಇನ್ನು ‘ಪುನರ್ವಸತಿ’. ಇಂಗ್ಲಿಷಿನಲ್ಲಿ ಎರಡು ಪದಗಳಿವೆ. ‘ರೀಸೆಟಲ್‌ಮೆಂಟ್’ ಎಂದರೆ ಬೇರೊಂದು ಕಡೆ ನೆಲೆಗೊಳಿಸುವುದು. ‘ರಿಹ್ಯಾಬಿಲಿಟೇಶನ್’ ಎಂದರೆ ಮತ್ತೆ ಸಮರ್ಥರನ್ನಾಗಿ ಮಾಡುವುದು. ನಮ್ಮ ‘ಪುನರ್ವಸತಿ’ಯಲ್ಲಿ ವಸತಿ ಮಾತ್ರ ಇದೆ, ಸಾಮರ್ಥ್ಯದ ಸುಳಿವಿಲ್ಲ. ತೋಡೂರಿನಂಥ ಕಡೆ ನಿರಾಶ್ರಿತರ ಕಾಲನಿಗಳು ಎದ್ದವು. ನಿವೇಶನ, ರಸ್ತೆ, ವಿದ್ಯುತ್ತು ಬಂದವು. ಆದರೆ ಅಂಗಳದಿಂದ ದೋಣಿಗೆ ನಡೆದುಹೋಗುತ್ತಿದ್ದ ಮೀನುಗಾರನಿಗೆ ಸಮುದ್ರದಿಂದ ದೂರ ಕೊಟ್ಟ ಮನೆ ಮನೆಯಾದೀತೇ ಹೊರತು ಬದುಕಾಗದು. ಕಾಯಕ ಮರಳಿ ಬಂದಾಗಲೇ ಮನುಷ್ಯ ಮರಳಿ ನೆಲೆಗೊಳ್ಳುತ್ತಾನೆ. ಕಡಲಿಗೆ ಪಹಣಿಯಿಲ್ಲ, ಖಾತೆಯಿಲ್ಲ. ಹಳೆಯ ಕಾಯಿದೆಯ ತಕ್ಕಡಿಯಲ್ಲಿ ಅದು ತೂಗಲೇ ಇಲ್ಲ. 2013ರ ಕಾಯಿದೆಯಾದರೋ ಜೀವನೋಪಾಯಕ್ಕೆ ನೀರನ್ನು ನಂಬಿದ ಮೀನುಗಾರರನ್ನೂ ಅಂಬಿಗರನ್ನೂ ‘ಬಾಧಿತ ಕುಟುಂಬ’ವೆಂಬ ವ್ಯಾಖ್ಯೆಯಲ್ಲಿ ಸೇರಿಸಿದೆ. ಅಂಕೋಲೆಯ ಕೇಣಿಯಲ್ಲಿ ಬಂದರು ನಿರ್ಮಾಣದ ಮಾತು ಬಂದಾಗ ಮೀನುಗಾರರು ವಿರೋಧಿಸಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಒಂದು ಪದದಿಂದ ಎಷ್ಟು ಕಳೆಯಬಹುದು, ಎಷ್ಟು ಉಳಿಯಬಹುದು ಎಂಬುದಕ್ಕೆ ಇನ್ನೊಂದು ನಿದರ್ಶನ. ಭೂಸ್ವಾಧೀನಾಧಿಕಾರಿಯ ನಿರ್ಣಯಕ್ಕೆ ಇಂಗ್ಲಿಷಿನಲ್ಲಿ ‘ಅವಾರ್ಡ್’ ಎನ್ನುತ್ತಾರೆ. ಶಾಲೆಯ ಬಹುಮಾನಕ್ಕೂ ಅದೇ ಪದ. ಕನ್ನಡದ ‘ಐತೀರ್ಪು’ ಎಂಬ ಪದ ಇಲ್ಲಿ ಹೆಚ್ಚು ಪ್ರಾಮಾಣಿಕವಾದುದು. ತೀರ್ಪು ಎಂದ ಮೇಲೆ ಅದರ ಮೇಲೆ ಕೇಳಿಕೊಳ್ಳುವ ದಾರಿಯೂ ಇರಬೇಕಷ್ಟೆ. ಆ ದಾರಿ ಉಂಟು. ಆದರೆ 1894ರ ಕಾಯಿದೆಯಂತೆ, ‘ತಕರಾರಿನೊಂದಿಗೆ’ ಎಂದು ಬರೆಯದೆ ಹಣ ಸ್ವೀಕರಿಸಿದವನು 18ನೆಯ ಕಲಮಿನ ಮೇರೆಗೆ ಹೆಚ್ಚಿನ ಬೆಲೆಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಕಳೆದುಕೊಳ್ಳುತ್ತಿದ್ದನು. 2013ರ ಕಾಯಿದೆಯಲ್ಲಿಯೂ ಈ ನಿಯಮ ಮುಂದುವರಿದಿದೆ. ಹೆಬ್ಬೆಟ್ಟು ಒತ್ತಿದ ಎಷ್ಟೋ ಹಿರಿಯರಿಗೆ ಈ ಒಂದು ಪದದ ಬೆಲೆ ತಿಳಿದಿರಲಿಲ್ಲ. ಅಂಥವರಿಗಾಗಿಯೇ 1984ರಲ್ಲಿ 28-ಎ ಎಂಬ ಕಲಮು ಸೇರಿತು: ಅದೇ ಅಧಿಸೂಚನೆಗೆ ಒಳಪಟ್ಟ ನೆರೆಯವನಿಗೆ ನ್ಯಾಯಾಲಯ ಹೆಚ್ಚು ಕೊಡಿಸಿದರೆ, ಸುಮ್ಮನಿದ್ದವನೂ ಮೂರು ತಿಂಗಳೊಳಗೆ ಅರ್ಜಿ ಸಲ್ಲಿಸಿ ಅದನ್ನು ಕೇಳಬಹುದು. ಸೀಬರ್ಡ್ ನಿರಾಶ್ರಿತರಲ್ಲಿ ಅನೇಕರು ಈ ಕಲಮಿನ ಹಣಕ್ಕಾಗಿ ದಶಕಗಳ ಕಾಲ ಕಾದರು. ನೆಲ ಬಿಟ್ಟ ತಂದೆ ತೀರಿಕೊಂಡು, ಮೊಮ್ಮಕ್ಕಳ ಕೈಗೆ ಬಂದ ಹಣ ಯಾವ ತಕ್ಕಡಿಯಲ್ಲಿ ಸರಿದೂಗೀತು?

ಆದುದರಿಂದ ಗೃಹಸ್ಥರಲ್ಲಿ ನನ್ನ ವಿನಂತಿ ಇಷ್ಟೆ. ಮನೆಗೆ ಸರಕಾರದ ಕಾಗದ ಬಂದಾಗ ಅದರಲ್ಲಿ ‘ಪರಿಹಾರ’ ಎಂದು ಬರೆದಿದ್ದರೆ, ಯಾವ ಪರಿಹಾರ ಎಂದು ಕೇಳಿರಿ. ನೆಲದ ಬೆಲೆಯೆಷ್ಟು, ಸಾಂತ್ವನದ ಹಣವೆಷ್ಟು, ಪುನರ್ವಸತಿಯ ಪಾಲೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿರಿ. ಓದಿದ ಮಕ್ಕಳಿಂದ ಪೂರ್ತಿ ಓದಿಸಿ ಕೇಳಿದ ಮೇಲೆಯೇ ರುಜು ಹಾಕಿರಿ. ಮೊತ್ತ ಒಪ್ಪಿಗೆಯಾಗದಿದ್ದರೆ ರುಜುವಿನ ಮೇಲೆ ‘ತಕರಾರಿನೊಂದಿಗೆ’ ಎಂದು ಬರೆಯಲು ಸಂಕೋಚ ಬೇಡ. ಅದು ಜಗಳವಲ್ಲ, ಕಾನೂನು ಕೊಟ್ಟ ಮಾತು. ಮನೆಯ ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು ಕಾಗದವನ್ನು ಓದಿರಿ. ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು ಉಂಟೆಂದು 2005ರ ತಿದ್ದುಪಡಿ ಹೇಳಿದೆ.

ಪದದ ಅರ್ಥವನ್ನು ಅರಿಯುವುದು ಪಂಡಿತರ ವಿಲಾಸವೆಂದು ಕೆಲವರು ಭಾವಿಸುತ್ತಾರೆ. ಕರಾವಳಿಯ ಈ ಎರಡು ತಾಲೂಕುಗಳ ಜನ ಹಾಗೆ ಭಾವಿಸಲಾರರು. ಅರ್ಥ ಎಂಬ ಶಬ್ದಕ್ಕೆ ತಾತ್ಪರ್ಯ ಎಂದೂ ಹಣ ಎಂದೂ ಎರಡು ಅರ್ಥಗಳುಂಟು. ಮೊದಲನೆಯದನ್ನು ಬಿಟ್ಟವರು ಎರಡನೆಯದನ್ನೂ ಬಿಡಬೇಕಾಗಿ ಬರುತ್ತದೆಂಬುದನ್ನು ಅವರು ನೆಲ ಕೊಟ್ಟು ಕಲಿತಿದ್ದಾರೆ.