ಬಡಗಿಯ ಹಳೆಯ ಮೂಲೆಮಟ್ಟವೂ ಕೈವಾರವೂ

ಬಡಗಿಯ ಉಪಕರಣಗಳೆಂದೊಡನೆ ನಮಗೆ ನೆನಪಾಗುವುವು ಉಳಿ, ಬಾಚಿ, ಗರಗಸ, ಉಜ್ಜುಗೊರಡುಗಳು. ಇವೆಲ್ಲ ಮರವನ್ನು ಕಡಿಯತಕ್ಕವು. ಎಲ್ಲಿ ಕಡಿಯಬೇಕೆಂಬುದನ್ನು ನಿರ್ಣಯಿಸತಕ್ಕ ಇನ್ನೊಂದು ವರ್ಗದ ಉಪಕರಣಗಳುಂಟು: ಅಳತೆಗೋಲು, ನೂಲು, ತೂಗುಗುಂಡು, ಮೂಲೆಮಟ್ಟ, ಕೈವಾರ, ಮತ್ತು ಮರದ ಅಂಚಿಗೆ ಸಮಾನಾಂತರವಾಗಿ ಗೆರೆ ಕೊರೆಯುವ ಗೇಜು. ಇವು ತಪ್ಪು ಹೇಳಿದರೆ, ಎಷ್ಟು ಹರಿತವಾದ ಉಳಿಯಾದರೂ ಆ ತಪ್ಪನ್ನೇ ಅಚ್ಚುಕಟ್ಟಾಗಿ ಕಡಿಯುತ್ತದೆ.

ನಮ್ಮ ಹಿಂದಿನವರು ಈ ವಿಚಾರವನ್ನು ಚೆನ್ನಾಗಿ ಬಲ್ಲವರಾಗಿದ್ದರು. 15ನೆಯ ಶತಮಾನದಲ್ಲಿ ಮೇವಾಡದ ಸೂತ್ರಧಾರ ಮಂಡನನು ರಚಿಸಿದ ‘ರಾಜವಲ್ಲಭ’ವೆಂಬ ವಾಸ್ತುಗ್ರಂಥವು ಇಂಥ ಸಾಧನಗಳನ್ನು ಎಂಟು ‘ಸೂತ್ರ’ಗಳೆಂದು ಎಣಿಸುತ್ತದೆ. ಅಳತೆಗೋಲು, ಹುಲ್ಲಿನ ಹುರಿ, ಹತ್ತಿಯ ನೂಲು, ತೂಗುಗುಂಡು, ಮೂಲೆಮಟ್ಟ ಮುಂತಾದವು ಅದರಲ್ಲಿ ಸೇರಿವೆ. ಆದರೆ ಮೊದಲನೆಯ ಸೂತ್ರವು ಮರದ್ದೂ ಅಲ್ಲ, ಕಬ್ಬಿಣದ್ದೂ ಅಲ್ಲ. ಅದು ದೃಷ್ಟಿ, ಎಂದರೆ ಕೆಲಸಗಾರನ ಕಣ್ಣು.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಸೀಮೆಯಲ್ಲಿ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸುತ್ತಮುತ್ತ, ಬಡಗಿಗಳ ಕೈಗೆ ಬಹುಕಾಲ ಬಗೆಬಗೆಯ ಕೆಲಸವಿತ್ತು: ನೇಗಿಲು, ಎತ್ತಿನ ಗಾಡಿ, ಮನೆಯ ಬಾಗಿಲುವಾಡ, ದೇವರ ತೇರು, ರೇಷ್ಮೆ ನೂಲು ತೆಗೆಯುವ ಚರಕ. ಗಾಡಿಯ ಚಕ್ರದ ಅರಗಳು ಸಮವಾಗಿ ಹಂಚಿರಬೇಕು. ಚರಕದ ರಾಟೆಯ ತೋಳುಗಳು ಒಂದೇ ಉದ್ದವಿರಬೇಕು. ಇಲ್ಲವಾದರೆ ಸೂಕ್ಷ್ಮವಾದ ಎಳೆಯ ಮೇಲೆ ಎಳೆತವು ಒಂದೇ ಸಮನಾಗಿ ಬೀಳದು. ಈಗ ಅನೇಕ ಕೆಲಸಗಳು ಯಂತ್ರಗಳ ಪಾಲಾಗಿವೆ. ಹಿರಿಯ ಬಡಗಿಯು ತೀರಿಕೊಂಡ ಮೇಲೆ ಅವನ ಪೆಟ್ಟಿಗೆ ಗುಜರಿಯ ತಕ್ಕಡಿಯನ್ನು ಸೇರುವುದುಂಟು. ನಗರದ ವಿದ್ಯಾವಂತರು ಅದನ್ನು ಕೊಂಡು, ಹೊಳೆಯುವಂತೆ ಉಜ್ಜಿ, ನಡುಮನೆಯ ಗಾಜಿನ ಬೀರುವಿನಲ್ಲಿ ಇಡುವುದೂ ಉಂಟು. ಎರಡೂ ಕಡೆ ಉಪಕರಣವು ಕೆಲಸದಿಂದ ನಿವೃತ್ತವಾಗುತ್ತದೆ. ಅದನ್ನು ಮರಳಿ ಕೆಲಸಕ್ಕೆ ಹಚ್ಚುವುದು ಹೇಗೆಂಬುದನ್ನು ಈಗ ನೋಡೋಣ.

ಮೊದಲು ಮೂಲೆಮಟ್ಟ. ಅದರ ಪರೀಕ್ಷೆಗೆ ಬೇರೊಂದು ಮೂಲೆಮಟ್ಟ ಬೇಕಿಲ್ಲ. ಒಂದು ಅಂಚನ್ನು ನೇರವಾಗಿ ಉಜ್ಜಿದ ಹಲಗೆಯನ್ನು ತೆಗೆದುಕೊಂಡು, ಆ ಅಂಚಿಗೆ ಮಟ್ಟವನ್ನು ಒತ್ತಿಹಿಡಿದು ಚೂಪಾದ ಮೊನೆಯಿಂದ ಒಂದು ಗೆರೆ ಎಳೆಯತಕ್ಕದ್ದು. ಬಳಿಕ ಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಬಿದ್ದರೆ ಮಟ್ಟವು ನಂಬಿಕೆಗೆ ಅರ್ಹ. ಅಗಲಿದರೆ, ನಡುವಣ ಅಂತರದ ಅರ್ಧವೇ ಅದರ ದೋಷ. 150 ಮಿಲಿಮೀಟರಿನಲ್ಲಿ 1 ಮಿಲಿಮೀಟರು ಓರೆಯಾದ ಮಟ್ಟವು 900 ಮಿಲಿಮೀಟರು ಅಗಲದ ಬಾಗಿಲಿನಲ್ಲಿ 6 ಮಿಲಿಮೀಟರು ತಪ್ಪುತ್ತದೆ. ಅಂಥ ಬಾಗಿಲು ವಾಡದಲ್ಲಿ ಸರಿಯಾಗಿ ಕೂರುವುದಿಲ್ಲ.

ಮರದ ಮಟ್ಟವಾದರೆ ಉಜ್ಜುಗೊರಡಿನಿಂದ ಕಾಗದದಷ್ಟು ತೆಳುವಾದ ಹೊಟ್ಟು ತೆಗೆದು ತಿದ್ದಬಹುದು. ಒಂದೇ ಉಕ್ಕಿನ ತಗಡಿನ ದೊಡ್ಡ ಮಟ್ಟವಾದರೆ ಹಳೆಯ ಉಪಾಯವೊಂದುಂಟು. ಮೂಲೆಯ ಒಳಬದಿಗೆ ಸಮೀಪವಾಗಿ ಚೂಪಾದ ಪಂಚನ್ನಿಟ್ಟು ಹಗುರವಾಗಿ ಹೊಡೆದರೆ, ಅಲ್ಲಿಯ ಲೋಹವು ಹರಡಿಕೊಂಡು ಕೋನವು ಕೊಂಚ ಅಗಲವಾಗುತ್ತದೆ; ಹೊರಬದಿಗೆ ಸಮೀಪವಾಗಿ ಹೊಡೆದರೆ ಕೊಂಚ ಕಿರಿದಾಗುತ್ತದೆ. ಒಂದೊಂದು ಪೆಟ್ಟಿಗೂ ಮತ್ತೆ ಎರಡು ಗೆರೆಗಳನ್ನು ಎಳೆದು ನೋಡತಕ್ಕದ್ದು.

ಇನ್ನು ಕೈವಾರ. ಚಿಂತಾಮಣಿ ತಾಲ್ಲೂಕಿನವರಿಗೆ ಈ ಹೆಸರು ಒಂದು ಪುಣ್ಯಕ್ಷೇತ್ರವನ್ನು ನೆನಪಿಗೆ ತರುವುದು ಸಹಜ. ನಾವು ಹೇಳುತ್ತಿರುವುದು ವೃತ್ತವೆಳೆಯುವ ಎರಡು ಕಾಲಿನ ಸಾಧನವನ್ನು. ಇದರ ರೋಗ ಸಾಮಾನ್ಯವಾಗಿ ಕೀಲಿನ ಸಡಿಲಿಕೆ. ಕೀಲಿನ ತಲೆಯ ಮೇಲೆ ಸಣ್ಣ ಸುತ್ತಿಗೆಯ ಹಗುರವಾದ ಪೆಟ್ಟುಗಳೇ ಇದಕ್ಕೆ ಮದ್ದು. ಮೊನೆಗಳನ್ನು ಹೊರಮೈಯಿಂದ ಮಾತ್ರವೇ ಮಸೆಯಬೇಕು. ಒಳಮೈಯನ್ನು ಮಸೆದರೆ ಕಾಲುಗಳನ್ನು ಮುಚ್ಚಿದಾಗ ತುದಿಗಳು ಕೂಡುವುದಿಲ್ಲ. ಅನಂತರ ಒಂದು ವೃತ್ತವನ್ನೆಳೆದು, ಅದೇ ಅಳತೆಯಿಂದ ಪರಿಧಿಯ ಮೇಲೆ ಆರು ಹೆಜ್ಜೆ ನಡೆಯಿಸಿದರೆ, ಕಾಲುಗಳು ಜಾರದಿದ್ದ ಪಕ್ಷದಲ್ಲಿ ಆರನೆಯ ಹೆಜ್ಜೆಯು ಹೊರಟ ಬಿಂದುವಿಗೇ ಮರಳಿ ಬರುತ್ತದೆ.

ಗೇಜಿನಲ್ಲಿ ನೋಡತಕ್ಕವು ಮೂರು: ಅಂಚಿಗೆ ಒತ್ತುವ ತುಂಡು, ಅದರೊಳಗೆ ಸರಿಯುವ ಕೋಲು, ಕೋಲಿನ ಮೊಳೆ. ತುಂಡಿನ ಮುಖವು ಸವೆದು ತಗ್ಗಾಗಿದ್ದರೆ ಸಮತಲದ ಮೇಲೆ ಎಮರಿ ಕಾಗದವನ್ನು ಹರಡಿ ಉಜ್ಜಬೇಕು. ಕೋಲು ಅಲುಗಾಡಿದರೆ ಗಟ್ಟಿಮರದ ಹೊಸ ಬೆಣೆ ಬೇಕು. ಮೊಂಡಾದ ಮೊಳೆಯು ಮರದ ನಾರನ್ನು ಹರಿಯುತ್ತದೆ. ಅದನ್ನು ಅರದಿಂದ ಸಣ್ಣ ಚೂರಿಯ ಅಲಗಿನಂತೆ ಮಾಡಿದರೆ ನಾರನ್ನು ಕತ್ತರಿಸುತ್ತದೆ. ಆ ಅಲಗನ್ನು ತುಸುವೇ ಓರೆಯಾಗಿ ನಿಲ್ಲಿಸಿದರೆ, ಎಳೆಯುವಾಗ ತುಂಡು ಅಂಚನ್ನು ತಾನಾಗಿಯೇ ಬಿಗಿಯಾಗಿ ಹಿಡಿಯುತ್ತದೆ.

ಹಳೆಯ ಅಳತೆಗೋಲಿನ ವಿಷಯದಲ್ಲಿ ಎಚ್ಚರಿಕೆ ಅವಶ್ಯ. ಅದರ ತುದಿ ಸವೆದಿರುವುದರಿಂದ ಒಂದನೆಯ ಅಂಗುಲದ ಗುರುತಿನಿಂದ ಅಳೆದು, ಕೊನೆಗೆ ಒಂದನ್ನು ಕಳೆಯುವುದು ಕ್ಷೇಮ. 1956ರ ತೂಕ ಮತ್ತು ಅಳತೆಗಳ ಶಾಸನದ ಮೂಲಕ ದೇಶಕ್ಕೆ ಮೆಟ್ರಿಕ್ ಪದ್ಧತಿ ಬಂದಿತು. ಹಳೆಯ ಕೋಲುಗಳಲ್ಲಿ ಅಡಿ ಅಂಗುಲಗಳೇ ಉಳಿದಿವೆ. ಅಂಗುಲವೆಂದರೆ 25.4 ಮಿಲಿಮೀಟರು. ಅದನ್ನು 25 ಎಂದು ಎಣಿಸಿದರೆ ಎರಡು ಅಡಿಯಲ್ಲಿ 9.6 ಮಿಲಿಮೀಟರು ಕಡಮೆಯಾಗುತ್ತದೆ. ಒಂದು ಕೆಲಸಕ್ಕೆ ಮೊದಲಿನಿಂದ ಕೊನೆಯವರೆಗೆ ಒಂದೇ ಕೋಲನ್ನು ಬಳಸುವುದು ಒಳ್ಳೆಯದು.

ತುಕ್ಕಿಗೆ ಸೀಮೆಎಣ್ಣೆಯಲ್ಲಿ ನೆನೆಸಿ ಮೃದುವಾಗಿ ಉಜ್ಜಿದರೆ ಸಾಕು. ಮರಕ್ಕೆ ತುಸು ಅಗಸೆ ಎಣ್ಣೆ. ಹಿತ್ತಾಳೆಗೆ ಹುಣಸೆಹುಳಿ ಹಚ್ಚಿದರೆ ಕೂಡಲೇ ತೊಳೆದು ಒರಸತಕ್ಕದ್ದು. ಕಪ್ಪಾದ ಲೋಹವೂ, ಹೆಬ್ಬೆರಳಿನಿಂದ ಸವೆದ ಮರವೂ ದೋಷಗಳಲ್ಲ. ಹೊಳಪಿನ ಆಸೆಯಿಂದ ಅತಿಯಾಗಿ ಉಜ್ಜಿದರೆ ಅಳತೆಯ ಗುರುತುಗಳು ಅಳಿಯುತ್ತವೆ, ನೇರವಾದ ಅಂಚು ದುಂಡಾಗುತ್ತದೆ. ಆಗ ನಾವು ಉಪಕರಣವನ್ನು ಸುಂದರವಾಗಿಸಿ ಕೆಡಿಸಿದಂತಾಯಿತು.

ಇಂಥ ಪೆಟ್ಟಿಗೆಯೊಂದು ನಮ್ಮ ಮನೆಯ ಅಟ್ಟದಲ್ಲಿದ್ದರೆ, ಅದನ್ನು ಮಾರುವ ಮೊದಲು ಒಂದು ಹಲಗೆಯ ಮೇಲೆ ಆ ಎರಡು ಗೆರೆಗಳನ್ನು ಎಳೆದು ನೋಡೋಣ. ಅವು ಕೂಡಿದರೆ, ಅಥವಾ ಕೂಡುವಂತೆ ತಿದ್ದಲು ಸಾಧ್ಯವಾದರೆ, ಕೆಲಸ ಕಲಿಯುತ್ತಿರುವ ಹುಡುಗನೊಬ್ಬನ ಕೈಗೆ ಅದನ್ನು ಕೊಡಬಹುದು. ಉಪಕರಣದೊಡನೆ ಪರೀಕ್ಷೆಯ ಕ್ರಮವನ್ನೂ ಹೇಳಿಕೊಡುವುದನ್ನು ಮರೆಯಬಾರದು. ಮಂಡನನು ಮೊದಲು ಎಣಿಸಿದ ಆ ದೃಷ್ಟಿಯೆಂಬ ಸೂತ್ರವು ಅಂಗಡಿಯಲ್ಲಿ ಸಿಕ್ಕುವುದಲ್ಲ. ಇಂಥ ಪರೀಕ್ಷೆಗಳಿಂದಲೇ ಅದು ಕೆಲಸಗಾರನಿಗೆ ಒದಗತಕ್ಕದ್ದು.