ನೀರೇ ಬೀದಿಯಾದ ಊರಿನ ಪೆನ್ಸಿಲ್ ಗೆರೆಗಳು

ಬಣ್ಣವಿಲ್ಲ, ತುಂಬಿದ ನೆರಳಿಲ್ಲ. ಕಿರುಪುಸ್ತಕದ ಹಾಳೆಯ ಮೇಲೆ ಅವಸರದ ಪೆನ್ಸಿಲ್ ಗೆರೆಗಳು, ಅಷ್ಟೆ. ಮಗ ಇಂಥ ಚಿತ್ರ ತಂದು ತೋರಿಸಿದರೆ ‘ಮೊದಲು ಪೂರ್ತಿ ಮಾಡು’ ಎನ್ನುವ ತಂದೆತಾಯಿಗಳೇ ಹೆಚ್ಚು. ಆದರೆ ಇವನ್ನು ಬಿಡಿಸಿದವನು ಇಂಗ್ಲೆಂಡಿನ ಹೆಸರಾಂತ ಕಲಾವಿದ ಜೆ.ಎಂ.ಡಬ್ಲ್ಯು. ಟರ್ನರ್. ಲಂಡನ್ನಿನ ಕ್ಷೌರಿಕನೊಬ್ಬನ ಮಗನಾದ ಆತ, ದೂರ-ಹತ್ತಿರಗಳನ್ನು ಹಾಳೆಯ ಮೇಲೆ ತೋರಿಸುವ ‘ಪರ್ಸ್‌ಪೆಕ್ಟಿವ್’ ಶಾಸ್ತ್ರಕ್ಕೆ 1807ರಲ್ಲಿ ರಾಯಲ್ ಅಕಾಡೆಮಿಯ ಪ್ರಾಧ್ಯಾಪಕನಾದ. 1819ರ ಸೆಪ್ಟೆಂಬರಿನಲ್ಲಿ ಇಟಲಿಯ ವೆನಿಸ್ ನಗರವನ್ನು ಮೊದಲ ಬಾರಿ ಕಂಡಾಗ, ಕೆಲವೇ ದಿನಗಳಲ್ಲಿ ಹಾಳೆಗಟ್ಟಲೆ ಇಂಥ ಚಿತ್ರಗಳನ್ನು ಗೀಚಿಕೊಂಡ.

ವೆನಿಸ್‌ನ ಹೆದ್ದಾರಿಯೆಂದರೆ ಸುಮಾರು 4 ಕಿಲೋಮೀಟರ್ ಉದ್ದದ ಗ್ರ್ಯಾಂಡ್ ಕಾಲುವೆ. ಶ್ರೀಮಂತರ ಮನೆಗಳ ಮುಂಬಾಗಿಲು ತೆರೆಯುವುದು ನೀರಿಗೇ.

ದೋಣಿಯಲ್ಲಿ ಕುಳಿತು ಬಿಡಿಸಿದ ಇಂಥ ಬೀದಿಯಲ್ಲಿ ಮನೆಗಳ ಸಾಲನ್ನು ಗಮನಿಸಿ. ಛಾವಣಿಯ ಗೆರೆ ದೂರ ಹೋದಂತೆ ಕಡಿದಾಗಿ ಇಳಿಯುತ್ತದೆ; ಗೋಡೆ ನೀರನ್ನು ಮುಟ್ಟುವ ಗೆರೆ ಮಾತ್ರ ಹೆಚ್ಚುಕಡಿಮೆ ಮಟ್ಟಸ. ಇದೇಕೆ ಹೀಗೆ? ನಮ್ಮಿಂದ ದೂರ ಸಾಗುವ ಸಮಾನಾಂತರ ರೇಖೆಗಳು ಕಣ್ಣಿನ ಮಟ್ಟದಲ್ಲಿ ಒಂದು ಬಿಂದುವಿನಲ್ಲಿ ಕೂಡಿದಂತೆ ಕಾಣುತ್ತವೆ. ದೋಣಿಯಲ್ಲಿ ಕುಳಿತವನ ಕಣ್ಣು ನೀರಿನಿಂದ ಸುಮಾರು ಒಂದು ಮೀಟರಷ್ಟೇ ಮೇಲಿರುತ್ತದೆ. ಹಾಗಾಗಿ ಕೆಳಗಿನ ಗೆರೆ ಆ ಬಿಂದುವಿಗೆ ಏರಬೇಕಾದ್ದು ಅತ್ಯಲ್ಪ, ಮೇಲಿನದು ಇಳಿಯಬೇಕಾದ್ದು ಬಹಳ. ಅದೇ ಬೀದಿಯನ್ನು ರಿಯಾಲ್ಟೊ ಸೇತುವೆಯ ಮೇಲಿಂದ ಬಿಡಿಸಿದರೆ ನೀರಂಚಿನ ಗೆರೆಯೂ ಚೆನ್ನಾಗಿಯೇ ಏರುತ್ತದೆ. ಕಲಾವಿದ ಎಲ್ಲಿದ್ದ ಎಂಬುದಕ್ಕೆ ಗೆರೆಗಳೇ ಸಾಕ್ಷಿ.

ನೀರೆಲ್ಲಿ ಎಂದು ಹುಡುಕಬೇಡಿ. ಬಿಟ್ಟ ಬಿಳಿಯ ಕಾಗದವೇ ನೀರು! ಕಂಬವೊಂದರ ನೇರ ಕೆಳಗೆ ನಾಲ್ಕು ಮುರುಕು ಗೆರೆ ಎಳೆದರೆ ಸಾಕು, ಅದು ಪ್ರತಿಬಿಂಬವಾಗುತ್ತದೆ, ಬಿಳಿ ಜಾಗ ಅಲುಗಾಡತೊಡಗುತ್ತದೆ. ಪ್ರತಿಬಿಂಬ ಬಿಸಿಲಿನ ನೆರಳಿನಂತೆ ಓರೆಯಾಗಿ ಚಾಚುವುದಿಲ್ಲ, ವಸ್ತುವಿನ ನೆಟ್ಟಗೆ ಕೆಳಗೇ ಕಾಣುತ್ತದೆ. ಮಕ್ಕಳು ಸಾಮಾನ್ಯವಾಗಿ ಎಡವುವುದು ಇಲ್ಲೇ.

ಒಂದೇ ಬಗೆಯ ಹತ್ತು ಕಿಟಕಿಗಳಿದ್ದರೆ ಹತ್ತನ್ನೂ ತಿದ್ದಿ ಬರೆಯುವ ಗೊಡವೆ ಟರ್ನರನಿಗಿರಲಿಲ್ಲ. ಒಂದೆರಡನ್ನು ನೋಡಿ ಬರೆದು, ಉಳಿದವಕ್ಕೆ ಗುರುತು ಹಾಕಿ ಮುಂದೆ ಸಾಗುತ್ತಿದ್ದ. ಸೋಮಾರಿತನವಲ್ಲ, ಲೆಕ್ಕಾಚಾರ. ಏಕೆಂದರೆ ಆತ ಎರಡನೆಯ ಬಾರಿ ವೆನಿಸ್‌ಗೆ ಹೋದದ್ದು 1833ರಲ್ಲಿ, ಹದಿನಾಲ್ಕು ವರ್ಷಗಳ ನಂತರ. ಅದೇ ವರ್ಷ, ಆ ಪ್ರಯಾಣಕ್ಕೆ ಮೊದಲೇ, ಲಂಡನ್ನಿನಲ್ಲಿ ವೆನಿಸ್‌ನ ತೈಲಚಿತ್ರವನ್ನು ಪ್ರದರ್ಶನಕ್ಕಿಟ್ಟಿದ್ದ. ಅಷ್ಟು ಕಾಲ ಕೈಯಲ್ಲಿದ್ದವು ಈ ಪೆನ್ಸಿಲ್ ಗೆರೆಗಳು. ಆ ಕಿರುಪುಸ್ತಕಗಳು ಈಗ ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿವೆ. ಕಿಟಕಿಗಳು ಇನ್ನೂ ಅರ್ಧಕ್ಕೇ ನಿಂತಿವೆ.