ಹೊಸ ಕೈಪಿಡಿ ಮೊದಲು ಕಾಣಲಿ

ಹಳೇಬೀಡಿನ ಮಗ್ಗುಲಲ್ಲಿರುವ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದನು. ಅಲ್ಲಿನ ಶಾಸನ ಅಚ್ಚಿನಲ್ಲಿ ಎರಡು ಆವೃತ್ತಿಗಳನ್ನು ಕಂಡಿದೆ. ಬಿ.ಎಲ್. ರೈಸ್ 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಬೇಲೂರು ತಾಲ್ಲೂಕಿನ ಶಾಸನಗಳನ್ನು ಪರಿಷ್ಕರಿಸಿ 1990ರಲ್ಲಿ ಒಂಬತ್ತನೆಯ ಸಂಪುಟವಾಗಿ ಹೊರತಂದಿತು. ಶಾಸನದ ಸಂಖ್ಯೆಯೂ ಬದಲಾಯಿತು. ಹೊಸ ಸಂಪುಟ ಹಳೆಯದನ್ನು ನೆನೆಯಬಲ್ಲದು. ಹಳೆಯ ಸಂಪುಟಕ್ಕೆ ಹೊಸದರ ಸುಳಿವೇ ಇಲ್ಲ. ದಶಕಗಳ ಕಾಲ ಬರೆದ ಅಡಿಟಿಪ್ಪಣಿಗಳೆಲ್ಲ ಓದುಗನನ್ನು ಹಳೆಯ ಸಂಖ್ಯೆಗೇ ಕಳುಹಿಸುತ್ತವೆ.

ತಂತ್ರಾಂಶಗಳ ಕೈಪಿಡಿಗಳಿಗೆ ಒದಗಿರುವ ತೊಡಕೂ ಇದೇ. ಒಂದು ಪುಟಕ್ಕೆ ಎಷ್ಟು ಕಡೆಗಳಿಂದ ಕೊಂಡಿಗಳಿವೆ ಎಂಬುದನ್ನು ಶೋಧಕ ಯಂತ್ರಗಳು ಅದರ ಯೋಗ್ಯತೆಯ ಒಂದು ಮಾನದಂಡವಾಗಿ ಎಣಿಸುತ್ತವೆ. ಹತ್ತು ವರ್ಷ ಹಳೆಯ ಪುಟ ಹತ್ತು ವರ್ಷಗಳ ಕೊಂಡಿಗಳನ್ನು ಗಳಿಸಿರುತ್ತದೆ. ನಿನ್ನೆ ಬಂದ ಪುಟದ ಬಳಿ ಏನೂ ಇರುವುದಿಲ್ಲ. ಪೈಥಾನ್ ಭಾಷೆಯ ಮೂರನೆಯ ಆವೃತ್ತಿ 2008ರಲ್ಲೇ ಬಂದಿತು. ಎರಡನೆಯದಕ್ಕೆ 2020ರ ಜನವರಿ 1ರಂದು ಬೆಂಬಲ ನಿಂತಿತು. ಹಳೆಯ ಪಾಠದಂತೆ ಆವರಣ ಚಿಹ್ನೆಯಿಲ್ಲದೆ 'ಪ್ರಿಂಟ್' ಎಂದು ಬರೆದರೆ ಹೊಸ ಪೈಥಾನ್ ಮೊದಲ ಸಾಲಿನಲ್ಲೇ ದೋಷ ತೋರಿಸುತ್ತದೆ. ಮಹಾನಗರದ ಉದ್ಯೋಗಿಗೆ ಕೇಳಲು ಪಕ್ಕದಲ್ಲಿ ಸಹೋದ್ಯೋಗಿಯಿರುತ್ತಾನೆ. ಅರಸೀಕೆರೆಯಲ್ಲೋ ಬೇಲೂರಿನಲ್ಲೋ ಒಬ್ಬಂಟಿಯಾಗಿ ಕಲಿಯುವ ವಿದ್ಯಾರ್ಥಿ ತಪ್ಪು ತನ್ನದೇ ಎಂದುಕೊಳ್ಳುತ್ತಾನೆ. ನನ್ನನ್ನು ಕಾಡುವುದು ಈ ಅನ್ಯಾಯ.

ಹಾಗೆಂದು ಹಳೆಯ ಪುಟಗಳನ್ನು ಅಳಿಸಿಹಾಕುವುದು ಪರಿಹಾರವಲ್ಲ. ಹಳೆಯ ತಂತ್ರಾಂಶವನ್ನೇ ನಂಬಿ ನಡೆಯುವ ಕಚೇರಿಗಳಿಗೆ ಅವು ಬೇಕು. ಹಳೆಯ ಪುಟಗಳತ್ತ ಶೋಧಕ ಯಂತ್ರ ಸುಳಿಯದಂತೆ ಬಾಗಿಲು ಮುಚ್ಚುವುದೂ ಜಾಣತನವಲ್ಲ. ಒಳಗೆ ಬಿಡದಿದ್ದರೆ ಅಲ್ಲಿ ಬರೆದಿಟ್ಟ ಸೂಚನೆಯನ್ನು ಅದು ಓದುವುದಾದರೂ ಹೇಗೆ?

ದಾರಿಗಳು ಸರಳವಾಗಿವೆ. ಇತ್ತೀಚಿನ ಆವೃತ್ತಿಗೆ ಎಂದೂ ಬದಲಾಗದ ಒಂದು ವಿಳಾಸವಿರಲಿ; ಆಗ ಕೊಂಡಿಗಳೆಲ್ಲ ಅಲ್ಲಿಯೇ ಕೂಡಿಕೊಳ್ಳುತ್ತವೆ. 2009ರ ಫೆಬ್ರುವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಒಪ್ಪಿಕೊಂಡ 'ಕ್ಯಾನೊನಿಕಲ್' ಎಂಬ ಗುರುತಿದೆ. 'ಇದೇ ವಿಷಯದ ಮುಖ್ಯ ಪುಟ ಅಲ್ಲಿದೆ' ಎಂದು ಹಳೆಯ ಪುಟ ಆ ಗುರುತಿನ ಮೂಲಕ ಯಂತ್ರಕ್ಕೆ ತಿಳಿಸಬಹುದು. ಅದು ಆಜ್ಞೆಯಲ್ಲ, ಸೂಚನೆ ಮಾತ್ರ. ಎರಡು ಪುಟಗಳ ವಿಷಯ ತೀರ ಭಿನ್ನವಾಗಿದ್ದರೆ ಯಂತ್ರ ಅದನ್ನು ಕಡೆಗಣಿಸಬಹುದು. ಆದ್ದರಿಂದ ಮನುಷ್ಯರಿಗಾಗಿಯೂ ಪುಟದ ನೆತ್ತಿಯ ಮೇಲೆ ಒಂದು ಸಾಲು ಇರಬೇಕು: ಇದು ಹಳೆಯದು, ಹೊಸದು ಇಲ್ಲಿದೆ. ಪೈಥಾನ್ ಕೈಪಿಡಿಯ ಹಳೆಯ ಪುಟಗಳಲ್ಲಿ ಇಂಥ ಎಚ್ಚರಿಕೆ ಇದೆ.

1902ರ ಅಚ್ಚಿನ ಹಾಳೆಗೆ ಈ ಸೌಲಭ್ಯವಿರಲಿಲ್ಲ, ಅಂತರ್ಜಾಲದ ಪುಟಕ್ಕಿದೆ. ಕನ್ನಡ ತಂತ್ರಾಂಶಗಳ ಕೈಪಿಡಿಗಳನ್ನು ಪ್ರಕಟಿಸುವವರು ಹೊಸ ಆವೃತ್ತಿ ಬಿಡುಗಡೆಯಾದ ದಿನವೇ ಹಳೆಯದರ ಮೇಲೂ ಕೈಯಾಡಿಸಬೇಕು. ಆ ಕೆಲಸ ಮುಗಿಯುವವರೆಗೆ ಬಿಡುಗಡೆ ಪೂರ್ಣವಾಗುವುದಿಲ್ಲ.